ಹಿಮ್ಮಡಿ ನೋವಿದ್ದವರು ಓಟಕ್ಕೆ ಎಂಥ ಶೂ ಕೊಳ್ಳಬೇಕು? ಕೊಡಗಿನ ಏರಿಳಿತದಲ್ಲಿ ಓಡುವವರು ದಯವಿಟ್ಟು ಹೇಳಿ

ಗಾಳಿಬೀಡು ರಸ್ತೆ:
ಎಲ್ಲರಿಗೂ ನಮಸ್ಕಾರ. ವಯಸ್ಸು ನಲವತ್ತು ದಾಟಿದೆ, ಮಡಿಕೇರಿಯಿಂದ ಸ್ವಲ್ಪ ಹೊರಗೆ ತೋಟದ ಮನೆಯಲ್ಲಿದ್ದೇನೆ. ಬೆಳಿಗ್ಗೆ ಓಡುವುದು ಮದುವೆಗೆ ಮುಂಚಿನಿಂದ ಬಂದ ಅಭ್ಯಾಸ. ಹೋದ ಮಳೆಗಾಲದಿಂದ ಬಲಗಾಲಿನ ಹಿಮ್ಮಡಿ ನೋವು ಬೆನ್ನು ಬಿಡುತ್ತಿಲ್ಲ. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರಿದರೆ ಮೊಳೆ ಚುಚ್ಚಿದ ಹಾಗೆ ಆಗುತ್ತದೆ. ಅಡುಗೆಮನೆಗೆ ಹೋಗಿ ಕಾಫಿ ಕಾಸುವಷ್ಟರಲ್ಲಿ ಅರ್ಧ ಇಳಿಯುತ್ತದೆ. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ ಕಥೆ.

ಎಕ್ಸ್‌ರೇ ತೆಗೆಸಿದೆ. ಮೂಳೆ ಬೆಳೆದಿದೆ, ಓಟ ಬಿಟ್ಟುಬಿಡಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಓಟ ಬಿಡಲು ನನಗೆ ಮನಸ್ಸಿಲ್ಲ. ಶೂ ಬದಲಿಸೋಣವೆಂದು ಮೈಸೂರಿಗೆ ಹೋದರೆ ಒಂದು ಅಂಗಡಿಯಲ್ಲಿ ಅತ್ಯಂತ ಮೆತ್ತನೆಯದು ಬೇಕು ಎಂದರು, ಇನ್ನೊಂದರಲ್ಲಿ ನಿಮ್ಮದು ಚಪ್ಪಟೆ ಪಾದ, ಗಟ್ಟಿ ಆಸರೆಯ ಶೂ ಬೇಕು ಎಂದರು. ಬೆಲೆ ಮೂರು ಸಾವಿರದಿಂದ ಹದಿನೆಂಟು ಸಾವಿರದವರೆಗೆ. ಬರಿಗೈಯಲ್ಲಿ ವಾಪಸ್ ಬಂದೆ. ನಿಮ್ಮಲ್ಲಿ ಯಾರಿಗಾದರೂ ಇದೇ ನೋವಿದ್ದು ಓಟ ಮುಂದುವರಿಸಿದ್ದರೆ ಹೇಳಿ, ಏನು ನೋಡಿ ಕೊಳ್ಳಬೇಕು?

ಹಾರಂಗಿ ದಂಡೆ:
ಕಣ್ಣುಮುಚ್ಚಿ ಹೋಕಾ ಕಂಪನಿಯ ದಪ್ಪ ಅಟ್ಟೆಯ ಶೂ ತೆಗೆದುಕೊಳ್ಳಿ ಅಕ್ಕ. ನನ್ನ ನೋವು ಹೋಗಿದ್ದು ಅದರಿಂದಲೇ.

ಕಾಫಿ ಕಣ:
ಕಣ್ಣುಮುಚ್ಚಿ ಏನನ್ನೂ ಕೊಳ್ಳಬೇಡಿ. ಅಟ್ಟೆ ದಪ್ಪವಿದ್ದ ಮಾತ್ರಕ್ಕೆ ಎಲ್ಲರಿಗೂ ಹಿಡಿಸುವುದಿಲ್ಲ. ನಮ್ಮ ಭಾವನವರು ಅಂಥದೇ ಒಂದು ಜೊತೆ ತಂದು, ಇಳಿಜಾರಿನಲ್ಲಿ ಕಾಲು ಹೊರಳುತ್ತದೆ ಎಂದು ಮೂಲೆಗೆ ಇಟ್ಟಿದ್ದಾರೆ. ಮೊದಲು ಇದನ್ನು ಹೇಳಿ: ನೋವು ಹಿಮ್ಮಡಿಯ ಅಡಿಯಲ್ಲೋ, ಹಿಂಭಾಗದಲ್ಲೋ? ಎರಡಕ್ಕೂ ಬೇಕಾಗುವ ಶೂ ಬೇರೆ ಬೇರೆ.

ಕುಶಾಲನಗರದ ಫಿಸಿಯೋ:
ಕಾಫಿ ಕಣದವರು ಸರಿಯಾದ ಪ್ರಶ್ನೆ ಕೇಳಿದ್ದಾರೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಪಾದದ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಪಾದದ ಕಮಾನನ್ನು ಹಿಡಿದಿಡುವುದು ಅದು. ಆ ಪಟ್ಟಿ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ತಾಳಲಾರದಷ್ಟು ಭಾರ ಬಿದ್ದು ಬಿದ್ದು ನೋವಾಗುವುದನ್ನು ಪ್ಲಾಂಟರ್ ಫೇಸಿಯೈಟಿಸ್ ಎನ್ನುತ್ತಾರೆ. ಬೆಳಗಿನ ಮೊದಲ ಹೆಜ್ಜೆಯ ನೋವು ಅದರ ಮುಖ್ಯ ಲಕ್ಷಣ. ಹೆಬ್ಬೆರಳಿನಿಂದ ಹಿಮ್ಮಡಿಯ ಅಡಿಯಲ್ಲಿ, ಒಳಬದಿಗೆ, ಸ್ವಲ್ಪ ಮುಂದಕ್ಕೆ ಒತ್ತಿ ನೋಡಿ. ಅಲ್ಲೇ ಚುರುಕ್ ಎಂದರೆ ಬಹುಮಟ್ಟಿಗೆ ಅದೇ.

ನೋವು ಹಿಮ್ಮಡಿಯ ಹಿಂದೆ, ಶೂ ಉಜ್ಜುವ ಕಡೆ ಇದ್ದರೆ ಅದು ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜಿನದು. ಉರಿ, ಜುಮ್ಮೆನ್ನುವುದು, ಮರಗಟ್ಟುವುದು ಇದ್ದರೆ ನರದ ಸಂಗತಿ. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಅದುಮಿದಾಗ ನೋವಾದರೆ, ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲೇ ಸೂಕ್ಷ್ಮ ಬಿರುಕು ಇರಬಹುದು. ಹಾಗಿದ್ದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಶೂ ಅಂಗಡಿಯನ್ನಲ್ಲ.

ಮೂಳೆ ಬೆಳೆದಿದೆ ಎಂಬ ಮಾತಿಗೆ ಹೆದರಬೇಡಿ. ಒಂದು ದಿನವೂ ಹಿಮ್ಮಡಿ ನೋಯದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಅಂಥ ಮುಳ್ಳು ಕಾಣಿಸುತ್ತದೆ.

ಗಾಳಿಬೀಡು ರಸ್ತೆ:
ಒತ್ತಿ ನೋಡಿದೆ ಸರ್. ಅಡಿಯಲ್ಲಿ, ಒಳಬದಿಗೆ, ನೀವು ಹೇಳಿದ ಜಾಗದಲ್ಲೇ. ಜುಮ್ಮೆನ್ನುವುದಿಲ್ಲ. ಅದುಮಿದರೆ ನೋವಿಲ್ಲ, ರಾತ್ರಿಯೂ ಇಲ್ಲ.

ನಿವೃತ್ತ ಹವಾಲ್ದಾರ್:
ನಾವು ಸೈನ್ಯಕ್ಕೆ ಸೇರಿದಾಗ ಕ್ಯಾನ್ವಾಸ್ ಪಿ.ಟಿ. ಶೂ ಕೊಡುತ್ತಿದ್ದರು. ಅಟ್ಟೆ ಎಂದರೆ ತೆಳ್ಳನೆಯ ರಬ್ಬರ್, ಅಷ್ಟೇ. ಅದರಲ್ಲೇ ಓಡಿದೆವು, ಅದರಲ್ಲೇ ಬೆಟ್ಟ ಹತ್ತಿದೆವು. ಶಾಲೆಗೆ ಹೋಗುವಾಗ ಅದೂ ಇರಲಿಲ್ಲ. ಪಾದಕ್ಕೆ ಮೆತ್ತೆ ಹಾಕಿ ಹಾಕಿ ಪಾದದ ಶಕ್ತಿಯನ್ನೇ ಕಳೆದುಕೊಂಡಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದದ್ದು ಬರಿಗಾಲಿನಲ್ಲಿ.

ಸೋಮವಾರಪೇಟೆ ಮೇಷ್ಟ್ರು:
ಗೌರವದಿಂದಲೇ ಹೇಳುತ್ತೇನೆ ಹವಾಲ್ದಾರ್ ಸರ್. ಅದೇ ಬಿಕಿಲ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದರು, ರೋಮ್‌ಗಿಂತ ಮೂರು ನಿಮಿಷ ಬೇಗ ಮುಗಿಸಿದರು. ಬರಿಗಾಲು ಅವರಿಗೆ ಬಾಲ್ಯದಿಂದ ಬಂದದ್ದು. ಇಪ್ಪತ್ತು ವರ್ಷ ಶೂ ಹಾಕಿದ ಹಿಮ್ಮಡಿಯನ್ನು, ಅದೂ ನೋಯುತ್ತಿರುವಾಗ, ನಾಳೆಯಿಂದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ಓಡಿಸು ಎನ್ನುವುದು ನ್ಯಾಯವಲ್ಲ.

ನಿವೃತ್ತ ಹವಾಲ್ದಾರ್:
ಡಾಂಬರಿನ ಮೇಲೆ ಎಂದು ನಾನು ಹೇಳಲಿಲ್ಲ ಮೇಷ್ಟ್ರೇ. ಹುಲ್ಲಿನ ಮೇಲೆ ನಡೆಯಲಿ. ಪಾದದ ಸ್ನಾಯು ಗಟ್ಟಿಯಾಗದೆ ಯಾವ ಶೂ ತಂದರೂ ಪ್ರಯೋಜನವಿಲ್ಲ ಎಂಬುದನ್ನಾದರೂ ಒಪ್ಪುತ್ತೀರಾ?

ಕುಶಾಲನಗರದ ಫಿಸಿಯೋ:
ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ವ್ಯಾಯಾಮದ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಅಕ್ಕ ಕೇಳಿದ್ದಕ್ಕೆ ಉತ್ತರ.

ಶೂವಿನ ಹಿಮ್ಮಡಿಯ ಎತ್ತರಕ್ಕೂ ಬೆರಳಿನ ಕಡೆಯ ಎತ್ತರಕ್ಕೂ ಇರುವ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ. ನಿಮ್ಮ ನೋವಿಗೆ, ಸದ್ಯದ ಮಟ್ಟಿಗೆ, 8ರಿಂದ 12 ಮಿಲಿಮೀಟರ್ ಡ್ರಾಪ್ ಇರುವುದನ್ನು ಹುಡುಕಿ. ಹಿಮ್ಮಡಿ ಸ್ವಲ್ಪ ಎತ್ತರದಲ್ಲಿದ್ದರೆ ಮೀನಖಂಡದ ಎಳೆತ ಕಡಿಮೆಯಾಗುತ್ತದೆ, ಆ ಎಳೆತ ಪಾದದ ಪಟ್ಟಿಗೆ ದಾಟುವುದೂ ಕಡಿಮೆಯಾಗುತ್ತದೆ. ಆಲ್ಟ್ರಾ ಕಂಪನಿಯ ಹೆಚ್ಚಿನ ಶೂಗಳಲ್ಲಿ ಡ್ರಾಪ್ ಸೊನ್ನೆ. ಕೆಟ್ಟ ಶೂ ಅಲ್ಲ, ಆದರೆ ಈಗ ಬೇಡ. ಹೋಕಾದ ಹಲವು ಮಾದರಿಗಳಲ್ಲಿ ಅಟ್ಟೆ ದಪ್ಪವಾಗಿದ್ದರೂ ಡ್ರಾಪ್ ನಾಲ್ಕೈದು ಮಿಲಿಮೀಟರ್ ಅಷ್ಟೇ. ಆದರೂ ಹಾರಂಗಿಯವರಿಗೆ ಅದು ಒಗ್ಗಿದ್ದಕ್ಕೆ ಕಾರಣವಿದೆ. ಅದರ ಅಟ್ಟೆ ಮುಂದಕ್ಕೆ ಬಾಗಿರುವುದರಿಂದ ಹೆಜ್ಜೆ ಎತ್ತುವಾಗ ಬೆರಳುಗಳು ಹೆಚ್ಚು ಮಡಚಬೇಕಾಗಿಲ್ಲ. ಬೆರಳು ಮಡಚಿದಷ್ಟೂ ಆ ಪಟ್ಟಿ ಬಿಗಿಯುತ್ತದೆ.

ಅಂಗಡಿಯಲ್ಲಿ ಶೂವನ್ನು ಕೈಯಲ್ಲಿ ಹಿಡಿದು ಮಡಚಿ. ಬೆರಳಿನ ಬುಡದಲ್ಲಿ ಮಡಚಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡುವಂತೆ ತಿರುಚಿ, ಸಲೀಸಾಗಿ ತಿರುಚಿಕೊಂಡರೆ ಕೆಳಗಿಡಿ. ಹಿಂಭಾಗದ ಬಟ್ಟಲನ್ನು ಎರಡು ಬೆರಳಿನಲ್ಲಿ ಅದುಮಿ, ಸುಲಭವಾಗಿ ಕುಸಿದರೆ ಅದೂ ಬೇಡ.

ಅಂಗಡಿ, ಗೋಣಿಕೊಪ್ಪ:
ಶೂ ವ್ಯಾಪಾರದವನಾಗಿ ನಾಲ್ಕು ಮಾತು. ನನ್ನಲ್ಲೇ ಕೊಳ್ಳಿ ಎಂದು ಹೇಳಲು ಬಂದಿಲ್ಲ, ನಿಮಗೆ ಬೇಕಾದ ಮಾದರಿಗಳು ನನ್ನಲ್ಲಿ ಹೆಚ್ಚು ಇಲ್ಲವೇ ಇಲ್ಲ.

ಗಿರಾಕಿಗಳು ಬಂದವರೇ "ಏಳು ನಂಬರ್ ಕೊಡಿ" ಎನ್ನುತ್ತಾರೆ. ಆ ಏಳು ಎಂದೋ ಕಾಲೇಜಿನಲ್ಲಿ ಅಳೆದದ್ದು. ವಯಸ್ಸಾದ ಹಾಗೆ, ಹೆರಿಗೆಯ ನಂತರವೂ, ಪಾದ ಉದ್ದ ಅಗಲ ಎರಡೂ ಬದಲಾಗಬಹುದು. ಕಂಪನಿಯಿಂದ ಕಂಪನಿಗೂ ಅಳತೆ ಬೇರೆ. ನಿಂತುಕೊಂಡೇ ಅಳೆಸಿ, ಎರಡೂ ಪಾದ ಅಳೆಸಿ, ದೊಡ್ಡದಕ್ಕೆ ಹೊಂದುವುದನ್ನು ಕೊಳ್ಳಿ. ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲೇಬೇಕು, ಇಲ್ಲದಿದ್ದರೆ ನಮ್ಮ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಇನ್ನೊಂದು, ಇದು ಕೊಡಗಿನವರಿಗೆ ಮುಖ್ಯ. ರಿಯಾಯಿತಿ ಎಂದು ಹಳೆಯ ದಾಸ್ತಾನು ಕೊಳ್ಳಬೇಡಿ. ಪಾಲಿಯುರಿಥೇನ್ ಅಟ್ಟೆ ಇದ್ದರೆ ತೇವ ಹಿಡಿದು ಒಳಗೊಳಗೇ ಕೆಡುತ್ತದೆ. ಡಬ್ಬಿಯಲ್ಲಿ ಹೊಸದಾಗಿಯೇ ಕಾಣುತ್ತದೆ, ಹಾಕಿ ನಡೆದರೆ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಇವಿಎ ಎಂಬ ಹಗುರ ನೊರೆಯ ಅಟ್ಟೆಗೆ ಆ ರೋಗ ಇಲ್ಲ, ಆದರೆ ಅಂಟು ಬಿಡಬಹುದು.

ಕಕ್ಕಡ ಮಳೆ:
ಅಟ್ಟೆ ಉದುರುವುದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಮದುವೆಗೆಂದು ಎತ್ತಿಟ್ಟಿದ್ದ ಶೂ ಮಂಟಪದ ಮೆಟ್ಟಿಲಿನಲ್ಲೇ ಬಾಯಿ ಬಿಟ್ಟಿತು. ಅಂದ ಹಾಗೆ, ಮಳೆಗಾಲದಲ್ಲಿ ಒದ್ದೆಯಾದ ಓಟದ ಶೂವನ್ನು ಒಣಗಿಸುವುದು ಹೇಗೆ? ನಾವು ಒಲೆಯ ಪಕ್ಕ ಇಡುತ್ತೇವೆ.

ಅಂಗಡಿ, ಗೋಣಿಕೊಪ್ಪ:
ಒಲೆಯ ಪಕ್ಕ ಬೇಡವೇ ಬೇಡ. ಬಿಸಿಗೆ ಅಂಟು ಸಡಿಲವಾಗುತ್ತದೆ, ಅಟ್ಟೆ ಕುಗ್ಗುತ್ತದೆ. ಒಳಗಿನ ಮೆತ್ತೆ ಹೊರತೆಗೆದು, ಹಳೆಯ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಿಸುತ್ತಾ ಫ್ಯಾನಿನ ಕೆಳಗಿಡಿ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು ಇನ್ನೂ ಒಳ್ಳೆಯದು.

ಬೊಳ್ಳಿನಾಡು:
ಕಕ್ಕಡ ಮಾಸದ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಸರಿಯಾಗಿ ತಿಂದವರಿಗೆ ಇಂಥ ನೋವೆಲ್ಲ ಬರುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಕ್ಕ, ಈ ವರ್ಷ ತಿಂದಿರಾ?

ಗಾಳಿಬೀಡು ರಸ್ತೆ:
ಪ್ರತಿವರ್ಷ ತಪ್ಪದೆ ತಿನ್ನುತ್ತೇನೆ. ಹಿಮ್ಮಡಿ ಮಾತ್ರ ಕೇಳಲಿಲ್ಲ.

ಪೊನ್ನಂಪೇಟೆ ತೋಟದವಳು:
ಎಲ್ಲರೂ ಓಟದ ಶೂ ಬಗ್ಗೆಯೇ ಬರೆಯುತ್ತಿದ್ದೀರಿ. ಅಕ್ಕ, ಒಂದು ಕೇಳುತ್ತೇನೆ. ನೀವು ಓಡುವುದು ಒಂದು ಗಂಟೆ ಇರಬಹುದು. ಉಳಿದ ಹೊತ್ತು ಕಾಲಿಗೆ ಏನು ಹಾಕುತ್ತೀರಿ? ಮಳೆಗಾಲದಲ್ಲಿ ಶುರುವಾದದ್ದು ಎಂದಿರಿ. ತೋಟದಲ್ಲಿ ಗಮ್ ಬೂಟು ತಾನೇ?

ಗಾಳಿಬೀಡು ರಸ್ತೆ:
ಹೌದು. ಬೆಳಿಗ್ಗೆ ಎಂಟಕ್ಕೆ ಆಳುಗಳು ಬರುವಾಗ ಗಮ್ ಬೂಟು ಹಾಕಿದರೆ ಸಂಜೆ ನಾಲ್ಕಕ್ಕೆ ತೆಗೆಯುವುದು. ಜಿಗಣೆಗೆ ಬೇರೆ ದಾರಿಯೇ ಇಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಬೂಟು ಬಿಟ್ಟು ಹವಾಯಿ ಚಪ್ಪಲಿ, ಇಡೀ ದಿನ ಕಣದ ಸಿಮೆಂಟಿನ ಮೇಲೆ ಓಡಾಟ. ಮನೆಯೊಳಗೆ ಕೆಂಪು ಗಾರೆ ನೆಲ, ಅಲ್ಲಿ ಬರಿಗಾಲು. ಬೂಟಿನ ಒಳಗೆ ಏನೂ ಇಲ್ಲ, ಕಾಲಿಟ್ಟರೆ ಕಲ್ಲು ಎಣಿಸಬಹುದು.

ಪೊನ್ನಂಪೇಟೆ ತೋಟದವಳು:
ಅದೇ ನಾನು ಹೇಳಲು ಬಂದದ್ದು! ನನಗೂ ಎರಡೂ ಹಿಮ್ಮಡಿ ಹೀಗೇ ನೋಯುತ್ತಿತ್ತು. ನಾನು ಓಡುವವಳೇ ಅಲ್ಲ, ಆದರೂ ಬಂತು. ನಮ್ಮ ತೋಟದ ಆಳುಗಳ ಲೈನ್ ಮನೆಯ ಹೆಂಗಸರಲ್ಲಿ ಎಷ್ಟು ಜನಕ್ಕೆ ಈ ನೋವಿದೆ ಎಂದು ಕೇಳಿ ನೋಡಿ. ಅವರಾರೂ ಹದಿನೆಂಟು ಸಾವಿರದ ಶೂ ಕೊಳ್ಳುವುದಿಲ್ಲ, ಅವರ ನೋವಿನ ಮಾತನ್ನು ಯಾರೂ ಎತ್ತುವುದೂ ಇಲ್ಲ. ನಾನು ನಮ್ಮ ತೋಟದಲ್ಲಿ ಎಲ್ಲರ ಬೂಟಿಗೂ ಒಳಮೆತ್ತೆ ತರಿಸಿಕೊಟ್ಟೆ. ದೊಡ್ಡ ಖರ್ಚೇನಲ್ಲ.

ಕುಶಾಲನಗರದ ಫಿಸಿಯೋ:
ತೋಟದವರೇ, ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಹಿಮ್ಮಡಿಗೆ ಇಡೀ ದಿನದ ಲೆಕ್ಕ ಬೇಕು. ಗಮ್ ಬೂಟಿನ ಹಿಂಭಾಗ ಸಡಿಲ, ಅಟ್ಟೆ ಸಪಾಟು. ಅದು ಕಳಚಿ ಬೀಳದಿರಲೆಂದು ಬೆರಳುಗಳು ದಿನವಿಡೀ ನೆಲ ಕಚ್ಚುತ್ತಿರುತ್ತವೆ. ಹವಾಯಿ ಚಪ್ಪಲಿಯಲ್ಲೂ ಅದೇ ಪಾಡು.

ಆದ್ದರಿಂದ ಖರ್ಚಿನ ಕ್ರಮ ಹೀಗಿರಲಿ. ಮೊದಲು ಬೂಟಿಗೆ ಕಮಾನಿನ ಆಸರೆಯಿರುವ ಒಳಮೆತ್ತೆ, ಜೊತೆಗೆ ದಪ್ಪ ಕಾಲುಚೀಲ. ಮೆತ್ತೆ ಹಾಕಿದರೆ ಬೂಟು ಬಿಗಿಯಾಗಬಹುದು, ಮೆತ್ತೆಯನ್ನು ಒಳಗಿಟ್ಟೇ ಹಾಕಿ ನೋಡಿ. ಮನೆಯೊಳಗೆ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನದು. ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು, ಕಾಲು ನೆಲಕ್ಕೆ ತಾಗುವ ಮೊದಲೇ ಹಾಕಿಕೊಳ್ಳಿ. ಓಟದ ಶೂ ಆಮೇಲೆ.

ಹಾಕಿ ಅಮ್ಮ:
ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಹನ್ನೊಂದು ವರ್ಷ. ಹಾಕಿ ತರಬೇತಿಗೆ ಹೋಗುತ್ತಾನೆ. ಬೇಸಿಗೆ ಬಂತೆಂದರೆ ಕೌಟುಂಬಿಕ ಹಾಕಿ ಹಬ್ಬದ ಗುಂಗು, ಮನೆಯಲ್ಲಿ ನಿಲ್ಲುವುದೇ ಇಲ್ಲ. ಅವನಿಗೂ ಹಿಮ್ಮಡಿ ನೋವು, ಆಡಿ ಬಂದ ಮೇಲೆ ಕುಂಟುತ್ತಾನೆ. ಇದೂ ಅದೇ ಕಾಯಿಲೆಯಾ?

ಕುಶಾಲನಗರದ ಫಿಸಿಯೋ:
ಇಲ್ಲ ಅಮ್ಮ, ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಅದು ಬೇರೆ. ಎಂಟರಿಂದ ಹದಿನಾಲ್ಕರ ಮಕ್ಕಳಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಟ, ನೆಗೆತ ಹೆಚ್ಚಾದಾಗ ಅಲ್ಲಿ ನೋಯುತ್ತದೆ. ಸೀವರ್ಸ್ ಎಂದು ಹೆಸರು. ಮೂಳೆ ಕೂಡಿಕೊಂಡ ಮೇಲೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಆಟ ಕಡಿಮೆ ಮಾಡಿಸಿ, ಟರ್ಫ್ ಶೂ ಒಳಗೆ ಹಿಮ್ಮಡಿಗೆ ಮೆತ್ತೆ ಹಾಕಿಸಿ. ಕುಂಟುತ್ತಿದ್ದರೆ ಆ ದಿನ ಆಟ ಬೇಡ. ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ.

ಹಾಕಿ ಅಮ್ಮ:
ಬಹಳ ಉಪಕಾರವಾಯಿತು. ತರಬೇತುದಾರರು ಸೋಮಾರಿತನ ಎನ್ನುತ್ತಿದ್ದರು.

ಕಾಫಿ ಕಣ:
ಮೈಸೂರಿನವರು ಹೇಳಿದ ಚಪ್ಪಟೆ ಪಾದದ ವಿಷಯ ಹಾಗೇ ಉಳಿಯಿತು. ಒದ್ದೆ ಪಾದವನ್ನು ಕಾಗದದ ಮೇಲೆ ಊರಿ, ಅಚ್ಚು ನೋಡಿ ಶೂ ಆರಿಸುವ ಪದ್ಧತಿ ಇದೆಯಲ್ಲ, ಅದನ್ನು ನಂಬಬಹುದೇ?

ಸೋಮವಾರಪೇಟೆ ಮೇಷ್ಟ್ರು:
ನಂಬಿಕೆ ಇಡುವಷ್ಟು ಆಧಾರ ಅದಕ್ಕಿಲ್ಲ. ಅಮೆರಿಕದ ಭೂಸೇನೆ, ವಾಯುಪಡೆ, ಮರೀನ್ ಮೂರರಲ್ಲೂ ಹೊಸದಾಗಿ ಸೇರಿದವರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಇನ್ನೊಂದು ಗುಂಪಿಗೆ ಆಕಾರ ಲೆಕ್ಕಿಸದೆ ಒಂದೇ ಬಗೆಯದು ಕೊಟ್ಟರು. ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಕಿ ಓಡಿದಾಗ ಹಿತವಾಗಿರುವುದೇ ದೊಡ್ಡ ಮಾನದಂಡ.

ಹಾರಂಗಿ ದಂಡೆ:
ನಾನೂ ಅದನ್ನೇ ಹೇಳಿದ್ದು, ನನಗೆ ಹಿತವಾಗಿತ್ತು!

ಕಾಫಿ ಕಣ:
ನಿಮಗೆ ಹಿತವಾಗಿದ್ದು ಅಕ್ಕನಿಗೂ ಹಿತವಾಗುತ್ತದೆ ಎಂದು ಹೇಳಿದಿರಿ. ಜಗಳ ಇರುವುದು ಅಲ್ಲಿ.

ನಿವೃತ್ತ ಹವಾಲ್ದಾರ್:
ಫಿಸಿಯೋ ಅವರೇ, ವ್ಯಾಯಾಮ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೀರಿ.

ಕುಶಾಲನಗರದ ಫಿಸಿಯೋ:
ಬರೆಯುತ್ತೇನೆ ಸರ್. ಡೆನ್ಮಾರ್ಕಿನಲ್ಲಿ ಒಂದು ಅಧ್ಯಯನ ನಡೆದಿದೆ, ಈ ನೋವಿದ್ದ 48 ಜನರ ಮೇಲೆ. ಎಲ್ಲರಿಗೂ ಹಿಮ್ಮಡಿಗೆ ಮೆತ್ತೆ ಕೊಟ್ಟು, ಅರ್ಧದಷ್ಟು ಜನಕ್ಕೆ ಪಾದ ಎಳೆಯುವ ವ್ಯಾಯಾಮ, ಉಳಿದವರಿಗೆ ಭಾರದ ವ್ಯಾಯಾಮ ಹೇಳಿದರು. ಮೂರು ತಿಂಗಳ ಹೊತ್ತಿಗೆ ಭಾರದ ಗುಂಪು ಚೆನ್ನಾಗಿ ಮುಂದಿತ್ತು. ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚು ಕಡಿಮೆ ಸಮ.

ವಿಧಾನ ಸರಳ. ಮೆಟ್ಟಿಲಿನ ಅಂಚಿನಲ್ಲಿ ನಿಲ್ಲಿ. ಟವೆಲ್ ಸುರುಳಿ ಸುತ್ತಿ ಬೆರಳುಗಳ ಕೆಳಗಿಡಿ, ಬೆರಳು ಮೇಲಕ್ಕೆ ಬಾಗಿರಬೇಕು. ನೋಯುವ ಒಂಟಿ ಕಾಲಿನ ಮೇಲೆ ಮೂರು ಸೆಕೆಂಡಿನಲ್ಲಿ ಏರಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಯಿರಿ. ಹನ್ನೆರಡರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿ ಕಾಲಿನಲ್ಲಿ ಆಗದಿದ್ದರೆ ಎರಡೂ ಕಾಲಿನಲ್ಲಿ ಶುರುಮಾಡಿ. ಸುಲಭವಾದ ಮೇಲೆ ಬೆನ್ನಿನ ಚೀಲದಲ್ಲಿ ಪುಸ್ತಕ ತುಂಬಿ ಭಾರ ಹೆಚ್ಚಿಸಿ. ಗೋಡೆ ಹಿಡಿದುಕೊಳ್ಳಲು ಸಂಕೋಚ ಬೇಡ.

ಕಕ್ಕಡ ಮಳೆ:
ಇಂಜೆಕ್ಷನ್ ಹಾಕಿಸಿದರೆ ಒಂದೇ ವಾರದಲ್ಲಿ ಹೋಗುತ್ತದಂತೆ?

ಕುಶಾಲನಗರದ ಫಿಸಿಯೋ:
ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಬೇಗ ಇಳಿಸುವುದು ನಿಜ, ಆದರೆ ಬಹಳ ಜನಕ್ಕೆ ಆ ಆರಾಮ ಕೆಲವೇ ವಾರ. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿದೆ. ನೋವಿಲ್ಲವೆಂದು ಮರುದಿನವೇ ಓಡಿದರೆ ಇನ್ನೂ ಕೆಟ್ಟದು.

ಕಾಫಿ ಕಣ:
ಓಡುವ ಜಾಗದ ಬಗ್ಗೆಯೂ ಯೋಚಿಸಿ ಅಕ್ಕ. ಏರು ಹತ್ತುವಾಗ ಮೀನಖಂಡ ಎಳೆಯುತ್ತದೆ, ಇಳಿಯುವಾಗ ಹಿಮ್ಮಡಿ ನೆಲಕ್ಕೆ ಗುದ್ದುತ್ತದೆ. ನಿಮ್ಮ ರಸ್ತೆಯಲ್ಲಿ ಸಮತಟ್ಟು ಎಲ್ಲಿದೆ? ಕೆಲವು ತಿಂಗಳು ಜನರಲ್ ತಿಮ್ಮಯ್ಯ ಕ್ರೀಡಾಂಗಣದಲ್ಲಿ ಸುತ್ತು ಹಾಕಿ.

ನಿವೃತ್ತ ಹವಾಲ್ದಾರ್:
ಹೌದಮ್ಮ. ಏರು ಎಲ್ಲಿಗೂ ಓಡಿಹೋಗುವುದಿಲ್ಲ. ಕಾಲು ಗಟ್ಟಿಯಾದ ಮೇಲೆ ತಡಿಯಂಡಮೋಳ್ ಬೆಟ್ಟ ಹತ್ತಿ.

ಗಾಳಿಬೀಡು ರಸ್ತೆ:
ಎಲ್ಲರಿಗೂ ಮನಸಾರೆ ವಂದನೆ. ಬೂಟಿನ ಒಳಮೆತ್ತೆ, ಮನೆಗೆ ಎಂಸಿಆರ್ ಚಪ್ಪಲಿ ಇವತ್ತೇ ನೋಡುತ್ತೇನೆ. ಟವೆಲ್ ವ್ಯಾಯಾಮ ಇವತ್ತಿನಿಂದಲೇ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟು ಸಂಜೆ ಮೈಸೂರಿನಲ್ಲಿ ಶೂ ನೋಡುತ್ತೇನೆ. ಎರಡು ಅನುಮಾನ ಉಳಿದಿವೆ. ಓಡುವಾಗ ಸ್ವಲ್ಪವಾದರೂ ನೋವಿದ್ದರೆ ನಿಲ್ಲಿಸಬೇಕೇ? ಇನ್ನೊಂದು, ನನ್ನ ಪಾದ ಅಗಲ, ಹೆಂಗಸರ ಶೂ ಬದಿಯಲ್ಲಿ ಒತ್ತುತ್ತದೆ. ಗಂಡಸರದ್ದು ಕೊಳ್ಳಬಹುದೇ?

ಕುಶಾಲನಗರದ ಫಿಸಿಯೋ:
ಹತ್ತರಲ್ಲಿ ಮೂರರಷ್ಟು ನೋವು, ಮರುದಿನ ಬೆಳಿಗ್ಗೆ ಮಾಮೂಲಿಗಿಂತ ಹೆಚ್ಚಾಗದಿದ್ದರೆ ಓಡಬಹುದು. ಹೆಚ್ಚಾದರೆ ದೂರ ಕಡಿಮೆ ಮಾಡಿ. ಹೊಸ ಶೂವನ್ನು ಮೊದಲು ನಡಿಗೆಗೆ ಹಾಕಿ, ಆಮೇಲೆ ಸಣ್ಣ ಓಟಕ್ಕೆ.

ಅಂಗಡಿ, ಗೋಣಿಕೊಪ್ಪ:
ಧಾರಾಳವಾಗಿ ಕೊಳ್ಳಬಹುದು. ಗಂಡಸರ ಅಚ್ಚು ಸಾಮಾನ್ಯವಾಗಿ ಅಗಲ. ಆದರೆ ಹಿಮ್ಮಡಿಯ ಕಡೆ ಸಡಿಲವಾಗಬಹುದು, ಆಗ ಲೇಸನ್ನು ಎಲ್ಲಕ್ಕಿಂತ ಮೇಲಿನ ತೂತಿನವರೆಗೂ ಪೋಣಿಸಿ ಬಿಗಿಯಿರಿ. ಮೊದಲು ಹೆಂಗಸರ ಮಾದರಿಯಲ್ಲೇ ಅಗಲದ್ದು ಇದೆಯೇ ಎಂದು ಕೇಳಿ, ಕೆಲವು ಕಂಪನಿಗಳು ತರುತ್ತವೆ. ಕಾರ್ಬನ್ ತಗಡಿನ ದುಬಾರಿ ಶೂ ತೋರಿಸಿದರೆ ಬೇಡವೆನ್ನಿ, ಅದು ಸ್ಪರ್ಧೆಗೆ. ಹಳೆಯ ಓಟದ ಶೂವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡಬಲ್ಲವರು ಅಲ್ಲಿ ಇರುತ್ತಾರೆ.

ಪೊನ್ನಂಪೇಟೆ ತೋಟದವಳು:
ಒಳಮೆತ್ತೆ ತರುವಾಗ ನಿಮ್ಮ ಆಳುಗಳ ಬೂಟಿನ ಅಳತೆಯನ್ನೂ ಬರೆದುಕೊಂಡು ಹೋಗಿ ಅಕ್ಕ.